ಗ್ರೀಕ್ ಪುರಾಣದ ಎಳೆ ಹಿಡಿದ ಪತ್ತೇದಾರಿ ಕಾದಂಬರಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರದಲ್ಲಿ ನಾವೊಂದಿಷ್ಟು ಜನ ತಿಂಗಳಿಗೊಮ್ಮೆ ಸೇರಿ ಪುಸ್ತಕದ ಮಾತಾಡುತ್ತೇವೆ. ಹೆಚ್ಚಿನವರು ಪತ್ತೇದಾರಿಯ ಹುಚ್ಚಿನವರು. ಗ್ರೀಕ್ ಪುರಾಣ ಬೆರೆಸಿ ಬರೆದ ಕೊಲೆ-ಕಳವಿನ ಕಾದಂಬರಿಗಳು ನಮ್ಮಲ್ಲಿ ಕೈಯಿಂದ ಕೈಗೆ ಓಡಾಡತೊಡಗಿದ ಮೇಲೆ ಮಾತಿನ ನಡುವೆ, ಫೋನಿನಲ್ಲಿ, ತೀರ್ಥಹಳ್ಳಿ-ಹೊಸನಗರದ ಕಡೆಯಿಂದ ಬರುವ ಪತ್ರಗಳಲ್ಲಿ ಅವವೇ ಪ್ರಶ್ನೆಗಳು ಬರುತ್ತಿವೆ. ಕೇಳಿದವರ ಮಾತಿನಲ್ಲೇ ಅವನ್ನು ಇಟ್ಟು ಉತ್ತರ ಬರೆದಿದ್ದೇನೆ. ಹಳೆಯ ಗ್ರೀಕ್ ಕಥೆಗಳ ಗುಟ್ಟನ್ನೆಲ್ಲ ಇಲ್ಲಿ ಧಾರಾಳವಾಗಿ ಬಿಚ್ಚಿಟ್ಟಿದೆ. ಎರಡೂವರೆ ಸಾವಿರ ವರ್ಷ ಹಳೆಯ ಗುಟ್ಟು, ಯಾರೂ ಬೇಜಾರು ಮಾಡಿಕೊಳ್ಳಬೇಡಿ.

## ಪುಸ್ತಕ ಹಿಡಿಯುವ ಮೊದಲು

ಗ್ರೀಕ್ ಪುರಾಣದ ಗಂಧಗಾಳಿ ಇಲ್ಲ ನನಗೆ. ಇಂಥ ಪುಸ್ತಕ ಓದಿದ್ರೆ ತಲೆಬುಡ ಗೊತ್ತಾಗುತ್ತಾ?

ಗೊತ್ತಾಗುತ್ತದೆ. ಕಸುಬು ಬಲ್ಲ ಲೇಖಕ ಬೇಕಾದ ಕಥೆಯನ್ನು ಒಳಗೇ ಹೇಳಿರುತ್ತಾನೆ. ಒಬ್ಬ ಮೇಷ್ಟ್ರೋ ಮ್ಯೂಸಿಯಂನ ಅಧಿಕಾರಿಯೋ ಪಾತ್ರವಾಗಿ ಬಂದು, ಕಾಫಿ ಕುಡಿಯುತ್ತಾ ಇಡೀ ಕಥೆ ಒಪ್ಪಿಸಿ ಹೋಗುತ್ತಾರೆ. ಹಾಗೆ ಯಾರೂ ಬಾರದೆ ಕಾದಂಬರಿಯ ಅರ್ಧ ದಾಟಿದರೂ ಪುರಾಣದ ಸಂಬಂಧ ಏನೆಂದು ತಿಳಿಯದಿದ್ದರೆ ಅದು ಬರೆದವರ ದೋಷ. ಪುಸ್ತಕದ ಹೆಸರಲ್ಲೋ ಹಿಂಬದಿಯಲ್ಲೋ ಒಂದು ಪುರಾಣದ ಹೆಸರು ಕಂಡರೆ ಅದೊಂದು ಕಥೆ ಮಾತ್ರ ಓದಿಕೊಂಡು ಕೂತರೆ ಸಾಕು. ಇಡೀ ದೇವತೆಗಳ ವಂಶಾವಳಿ ಬಾಯಿಪಾಠ ಮಾಡಲು ಹೋದವರು ಕಾದಂಬರಿ ತೆರೆಯುವುದೇ ಇಲ್ಲ, ನೋಡಿದ್ದೇನೆ.

ಮೂಲ ಕಥೆ ಮೊದಲೇ ಓದಿಕೊಂಡ್ರೆ ಕೊಲೆಗಾರ ಯಾರು ಅಂತ ಗೊತ್ತಾಗಿ ಮಜಾನೇ ಹೋಗಲ್ವಾ ಮಾರಾಯ್ರೆ?

ಎಲ್ಲರೂ ಕೇಳುವ ಪ್ರಶ್ನೆ ಇದು. ಮಳೆಗಾಲದಲ್ಲಿ ನಮ್ಮ ಕಡೆ ಮನೆ ಜಗಲಿಯಲ್ಲಿ ತಾಳಮದ್ದಲೆ ಇಟ್ಟುಕೊಳ್ಳುತ್ತಾರಲ್ಲ, ಕರ್ಣ ಸಾಯುತ್ತಾನೋ ಉಳಿಯುತ್ತಾನೋ ನೋಡೋಣ ಎಂದು ಯಾರಾದರೂ ಬಂದು ಕೂರುತ್ತಾರಾ? ಪ್ರಸಂಗ ಎಲ್ಲರಿಗೂ ಗೊತ್ತು, ಪದ್ಯವೂ ಗೊತ್ತು. ಇವತ್ತಿನ ಅರ್ಥಧಾರಿ ಕರ್ಣನ ಬಾಯಲ್ಲಿ ಯಾವ ಮಾತು ತರುತ್ತಾನೆ, ಎದುರು ಕೂತ ಕೃಷ್ಣ ಅದಕ್ಕೆ ಎಲ್ಲಿ ಸಿಕ್ಕಿಬೀಳುತ್ತಾನೆ, ಅದಕ್ಕಾಗಿ ಜನ ಬೆಳಗಿನವರೆಗೆ ನಿದ್ದೆ ಕೆಡುತ್ತಾರೆ. ಅಥೆನ್ಸಿನ ಜನ ಡಯೋನೈಸಸ್ ದೇವರ ಉತ್ಸವದಲ್ಲಿ ನಾಟಕ ನೋಡಲು ಕೂತಾಗಲೂ ಹೀಗೇ, ಈಡಿಪಸ್ ಯಾರ ಮಗನೆಂದು ಅವರಿಗೆ ಮೊದಲೇ ಗೊತ್ತಿತ್ತು.

ಪತ್ತೇದಾರಿಯಲ್ಲಿ ಇದರಿಂದ ಇನ್ನೂ ಒಂದು ಲಾಭವಿದೆ. ಮೂಲ ಕಥೆ ಬಲ್ಲವರಿಗೆ ಕಾದಂಬರಿ ಯಾವ ಜಾಗದಲ್ಲಿ ಹಳೆಯ ದಾರಿ ಬಿಟ್ಟು ಹೊರಳಿತು ಎಂದು ಕಾಣುತ್ತದೆ. ಪುರಾಣದಲ್ಲಿ ಇರಬೇಕಾದ ಪಾತ್ರ ಇಲ್ಲಿ ಕಾಣೆಯಾಗಿದ್ದರೆ, ಇಬ್ಬರು ಅಣ್ಣತಮ್ಮಂದಿರ ಜಾಗದಲ್ಲಿ ಒಬ್ಬನೇ ಇದ್ದರೆ, ಸಾಯಬೇಕಾದವಳು ಬದುಕಿದ್ದರೆ, ಬರೆದವರು ಅಲ್ಲಿ ಏನನ್ನೋ ಬಚ್ಚಿಟ್ಟಿದ್ದಾರೆ ಎಂದೇ ಲೆಕ್ಕ. ಪುರಾಣ ಗೊತ್ತಿಲ್ಲದವರಿಗೆ ಆ ಜಾಗ ಸಪಾಟಾಗಿ ಕಾಣುತ್ತದೆ, ದಾಟಿ ಮುಂದೆ ಹೋಗುತ್ತಾರೆ. ನನ್ನನ್ನು ಕೇಳಿದರೆ, ಮೊದಲೇ ಓದಿಕೊಳ್ಳಿ.

ನಮ್ಮ ಮಹಾಭಾರತದ ಹಾಗೆ ಗ್ರೀಕರಿಗೂ ಒಂದು ದೊಡ್ಡ ಪುಸ್ತಕ ಇದೆಯಾ? ಅದನ್ನೇ ತರಿಸಿಕೊಳ್ತೀನಿ.

ಎಲ್ಲ ಕಥೆಯೂ ಇರುವ ಒಂದೇ ಪುಸ್ತಕ ಅಂತಿಲ್ಲ. ಗ್ರೀಕರು ಟ್ರಾಯ್ ನಗರದ ಮೇಲೆ ಮಾಡಿದ ಯುದ್ಧದ ಕೊನೆಯ ಘಟ್ಟದ ಕೆಲವು ವಾರಗಳು ಮತ್ತು ಒಡಿಸ್ಯೂಸ್ ಎಂಬ ವೀರನ ಮರುಪಯಣ ಕವಿ ಹೋಮರನಲ್ಲಿವೆ. ದೇವತೆಗಳ ಹುಟ್ಟು ಹೆಸಿಯಡ್‌ನಲ್ಲಿದೆ. ಮನೆತನದ ಕೊಲೆಗಳು ಎಸ್ಕಿಲಸ್, ಸೋಫೋಕ್ಲೀಸ್, ಯೂರಿಪಿಡೀಸ್ ಎಂಬ ಮೂವರು ನಾಟಕಕಾರರಲ್ಲಿವೆ. ಎಲ್ಲವನ್ನೂ ಕೂಡಿಸಿಟ್ಟ ಕೈಪಿಡಿ ಬೇಕಾದರೆ ಅಪೊಲೊಡೋರಸನ ಹೆಸರಿನಲ್ಲಿ ಉಳಿದುಬಂದದ್ದು ಒಂದಿದೆ. ರೂಪ ಬದಲಾಗುವ ಕಥೆಗಳು ರೋಮಿನ ಕವಿ ಓವಿಡ್‌ನಲ್ಲಿ ಹೇರಳ.

ಒಂದೇ ಕಥೆಗೆ ಹಲವು ಪಾಠಗಳಿವೆ, ಪತ್ತೇದಾರಿ ಬರೆಯುವವರಿಗೆ ಇದೇ ಬಂಡವಾಳ. ಆ ಯುದ್ಧಕ್ಕೆ ಕಾರಣಳಾದ ಹೆಲೆನ್ ಟ್ರಾಯ್‌ಗೆ ಹೋದಳು ಎಂದು ಹೋಮರ್. ಹೋದದ್ದು ಅವಳ ಮಾಯಾರೂಪ, ನಿಜವಾದ ಹೆಲೆನ್ ಈಜಿಪ್ಟಿನಲ್ಲೇ ಇದ್ದಳು ಎಂದು ಕ್ರಿ.ಪೂ. 412ರ ಯೂರಿಪಿಡೀಸ್ ನಾಟಕ. ಇಫಿಜೀನಿಯಾಳನ್ನು ಅವಳ ಅಪ್ಪ, ಗ್ರೀಕ್ ಸೇನೆಯ ನಾಯಕ ಅಗಮೆಮ್ನಾನ್, ಬಲಿಕೊಟ್ಟ ಎಂದು ಒಂದು ಪಾಠ. ಕೊನೇ ಗಳಿಗೆಯಲ್ಲಿ ದೇವಿ ಅವಳ ಜಾಗದಲ್ಲಿ ಜಿಂಕೆಯನ್ನಿಟ್ಟು ಅವಳನ್ನು ಎತ್ತಿಕೊಂಡು ಹೋದಳು ಎಂದು ಇನ್ನೊಂದು. ಸತ್ತಳೆಂದು ಇಡೀ ಊರು ನಂಬಿದ ಹುಡುಗಿ ಎಲ್ಲೋ ಬದುಕಿದ್ದಾಳೆ ಎಂದರೆ ಕಾದಂಬರಿಕಾರರಿಗೆ ಇನ್ನೇನು ಬೇಕು? ಪಂಪನ ಅರ್ಜುನನೂ ಕುಮಾರವ್ಯಾಸನ ಅರ್ಜುನನೂ ಬೇರೆ ಬೇರೆ ಎಂದು ಒಪ್ಪಿಕೊಂಡ ನಮಗೆ ಇದು ಕಷ್ಟವಾಗಬಾರದು.

ಹೆಸರು ನೆನಪಿಡೋದೇ ದೊಡ್ಡ ತಲೆನೋವು. ಒಬ್ಬನಿಗೇ ಎರಡು ಮೂರು ಹೆಸರು ಬೇರೆ!

ಅರ್ಜುನ, ಪಾರ್ಥ, ಫಲ್ಗುಣ, ಕಿರೀಟಿ, ಸವ್ಯಸಾಚಿ ಎಲ್ಲ ಒಬ್ಬನೇ ಎಂದು ನಿಮಗೆ ಯಾರೂ ಕೂರಿಸಿ ಕಲಿಸಲಿಲ್ಲ, ಕೇಳಿ ಕೇಳಿ ಬಂತು. ಇಲ್ಲೂ ಹಾಗೇ ಬರುತ್ತದೆ. ಸದ್ಯಕ್ಕೆ ಇಷ್ಟು ತಿಳಿದಿರಿ: ಗ್ರೀಕರ ಹೆರಾಕ್ಲೀಸ್ ರೋಮನ್ನರಲ್ಲಿ ಹರ್ಕ್ಯುಲಿಸ್, ಒಡಿಸ್ಯೂಸ್ ಎಂದರೂ ಯುಲಿಸಿಸ್ ಎಂದರೂ ಒಬ್ಬನೇ, ಟ್ರಾಯ್‌ನ ರಾಜಕುಮಾರ ಪ್ಯಾರಿಸ್‌ಗೆ ಅಲೆಕ್ಸಾಂಡರ್ ಎಂದೂ ಹೆಸರು. ಹೋಮರ್ ಗ್ರೀಕರನ್ನು ಗ್ರೀಕರು ಎನ್ನುವುದೇ ಇಲ್ಲ, ಅಕಿಯನ್ನರು, ಅರ್ಗೈವರು, ಡನಾಯರು ಎನ್ನುತ್ತಾನೆ. ಪುಸ್ತಕದ ಮೊದಲ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಒಂದು ವಂಶವೃಕ್ಷ ಗೀಚಿಕೊಳ್ಳಿ. ಲೈಬ್ರರಿ ಪುಸ್ತಕವಾದರೆ ಬೇರೆ ಚೀಟಿಯಲ್ಲಿ, ದಯವಿಟ್ಟು.

ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೆ. ಕನ್ನಡದಲ್ಲಿ ಗ್ರೀಕ್ ಕಥೆ ಓದೋಕೆ ಏನಿದೆ?

ನಮ್ಮ ಜಿಲ್ಲೆಯ ಹೆಸರಿನಿಂದಲೇ ಶುರು ಮಾಡೋಣ. ಶಿವಮೊಗ್ಗದ ಕೊನಗವಳ್ಳಿಯಲ್ಲಿ ಹುಟ್ಟಿದ ಪಿ. ಲಂಕೇಶರು ಸೋಫೋಕ್ಲೀಸನ ಈಡಿಪಸ್ ನಾಟಕವನ್ನು ‘ದೊರೆ ಈಡಿಪಸ್’ ಎಂದು ಕನ್ನಡಕ್ಕೆ ತಂದರು. ಒಂದೇ ಕೂತಲ್ಲಿ ಓದಿ ಮುಗಿಸಬಹುದು.

ಬಿ.ಎಂ. ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’ (1929) ಇನ್ನೊಂದು. ಅದು ಸೋಫೋಕ್ಲೀಸ್ ಬರೆದ, ಟ್ರಾಯ್ ಯುದ್ಧದ ಗ್ರೀಕ್ ವೀರ ಏಜಾಕ್ಸನ ಕಥೆಯನ್ನು ಮಹಾಭಾರತದ ಮೈಗೆ ಕಸಿ ಮಾಡಿದ ನಾಟಕ. ಹಳೆಗನ್ನಡದ ಬಿಗಿ ಇದೆ, ನಿಧಾನ ಓದಬೇಕು. ಗ್ರೀಕ್ ಕಥೆ ಬೇರೆ ನೆಲಕ್ಕೆ ಹೇಗೆ ಹೊಂದಿಕೊಳ್ಳುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ಕನ್ನಡದಲ್ಲಿಲ್ಲ ಎಂದು ನನ್ನ ಎಣಿಕೆ. ಅಂದಹಾಗೆ ಗ್ರೀಕ್ ಮೂಲದ ಆರಂಭವೇ ಪಕ್ಕಾ ಪತ್ತೇದಾರಿ. ರಾತ್ರಿ ಯಾರೋ ಸೇನೆಯ ದನಕರುಗಳನ್ನು ಕಡಿದು ಹಾಕಿದ್ದಾರೆ. ಒಡಿಸ್ಯೂಸ್ ನೆಲದ ಮೇಲಿನ ಹೆಜ್ಜೆಗುರುತು ಅಳೆಯುತ್ತಾ ಏಜಾಕ್ಸನ ಗುಡಾರದ ಹತ್ತಿರ ಸುಳಿದಾಡುತ್ತಿರುತ್ತಾನೆ, ಬೇಟೆನಾಯಿಯ ಹಾಗೆ ವಾಸನೆ ಹಿಡಿದಿದ್ದೀಯಲ್ಲ ಎಂದು ಅಥೀನಾ ದೇವಿ ಮಾತಾಡಿಸುತ್ತಾಳೆ. ಶ್ರೀಕಂಠಯ್ಯನವರ ‘ಪಾರಸಿಕರು’ ನಾಟಕದ ಮೂಲ ಎಸ್ಕಿಲಸನದು, ಅದರಲ್ಲಿ ಯುದ್ಧದ ದುಃಖವಿದೆ, ರಹಸ್ಯವಿಲ್ಲ.

ಹೆಗ್ಗೋಡಿಗೆ ಹೋದಾಗ ಅಕ್ಷರ ಪ್ರಕಾಶನದ ಪಟ್ಟಿಯನ್ನೂ ನೋಡಿ. ಅನುವಾದಿತ ನಾಟಕಗಳು ಅಲ್ಲಿ ಬಹಳ.

## ಹಳೆಯ ಕಥೆಗಳ ಒಳಗೆ

ಈಡಿಪಸ್ ಕಥೆಯೇ ಮೊದಲ ಪತ್ತೇದಾರಿ ಅಂತಾರಲ್ಲ. ಅದರಲ್ಲಿ ಪತ್ತೆ ಮಾಡೋದು ಎಂತ ಇದೆ?

ಬಹಳ ಇದೆ. ಹೆಚ್ಚಿನವರು ಅಪ್ಪನನ್ನು ಕೊಂದು ತಾಯಿಯನ್ನು ಮದುವೆಯಾದವನು ಎಂಬಲ್ಲಿಗೆ ನಿಲ್ಲುತ್ತಾರೆ. ಸೋಫೋಕ್ಲೀಸನ ನಾಟಕ ಶುರುವಾಗುವಾಗ ಅದೆಲ್ಲ ಮುಗಿದು ವರ್ಷಗಳಾಗಿವೆ. ವೇದಿಕೆಯ ಮೇಲೆ ನಡೆಯುವುದು ಶುದ್ಧ ವಿಚಾರಣೆ.

ಥೀಬ್ಸ್ ಊರಿಗೆ ಪಿಡುಗು ಬಡಿದಿದೆ. ಹಿಂದಿನ ದೊರೆ ಲಾಯಸನ ಕೊಲೆಗಾರ ಊರಲ್ಲೇ ಇದ್ದಾನೆ, ಅವನನ್ನು ಹೊರಹಾಕಿ ಎಂದು ಡೆಲ್ಫಿಯ ದೈವವಾಣಿ. ಈಡಿಪಸ್ ಒಳ್ಳೆಯ ಇನ್‌ಸ್ಪೆಕ್ಟರನ ಹಾಗೆ ಕೇಳತೊಡಗುತ್ತಾನೆ: ಕೊಲೆ ಎಲ್ಲಾಯಿತು? ಜೊತೆಗಿದ್ದವರು ಯಾರು? ಬದುಕಿ ಬಂದವರು ಉಂಟಾ? ಒಬ್ಬ ಬಂದಿದ್ದ, ಕಳ್ಳರ ಗುಂಪು ಮೇಲೆ ಬಿತ್ತು ಎಂದಿದ್ದ. ಮುಂದೆ ರಾಣಿ ಯೊಕಾಸ್ಟಾ ಗಂಡನಿಗೆ ಸಮಾಧಾನ ಹೇಳಲು ಹೋಗಿ ಮೂರು ದಾರಿ ಕೂಡುವಲ್ಲಿ ಲಾಯಸ್ ಸತ್ತ ಎಂದುಬಿಡುತ್ತಾಳೆ. ಆ ಒಂದು ವಿವರಕ್ಕೆ ಈಡಿಪಸ್ ಬೆಚ್ಚುತ್ತಾನೆ. ಜಾಗ ಯಾವುದು, ಯಾವ ಕಾಲ, ಮನುಷ್ಯ ನೋಡಲು ಹೇಗಿದ್ದ, ಜೊತೆಗೆ ಎಷ್ಟು ಜನ? ಐದು ಜನ, ಒಂದು ಗಾಡಿ, ಎತ್ತರದ ಆಳು, ಕೂದಲು ಆಗಷ್ಟೇ ನರೆಯತೊಡಗಿತ್ತು, ನಿನ್ನ ಹಾಗೇ ಇದ್ದ ಎನ್ನುತ್ತಾಳೆ ಅವಳು.

ಈಡಿಪಸನಿಗೆ ಉಳಿದದ್ದು ಒಂದೇ ಆಸೆ. ಬದುಕಿ ಬಂದವನು ‘ಕಳ್ಳರು’ ಎಂದು ಬಹುವಚನದಲ್ಲಿ ಹೇಳಿದ್ದ. ಆ ದಾರಿಯಲ್ಲಿ ತಾನು ಹೊಡೆದಾಡಿದ್ದು ಒಬ್ಬನೇ. ಒಬ್ಬ ಹಲವರಾಗಲು ಬರುವುದಿಲ್ಲ, ಅವನನ್ನು ಕರೆಸಿ ಎನ್ನುತ್ತಾನೆ. ಅಷ್ಟರಲ್ಲಿ ಕೊರಿಂಥ್‌ನಿಂದ ಒಬ್ಬ ದೂತ ಬಂದು, ನಿನ್ನನ್ನು ಸಾಕಿದ ಅಲ್ಲಿಯ ರಾಜ ನಿನ್ನ ಹೆತ್ತ ಅಪ್ಪನಲ್ಲ, ಹಿಮ್ಮಡಿ ಚುಚ್ಚಿ ಎಸೆದಿದ್ದ ನಿನ್ನನ್ನು ಒಬ್ಬ ಕುರುಬ ನನ್ನ ಕೈಗೆ ಕೊಟ್ಟ ಎಂದು ಹೇಳುತ್ತಾನೆ. ಆ ಕುರುಬನೇ ಕೊಲೆಯ ದಿನ ಬದುಕಿ ಬಂದ ಸಾಕ್ಷಿ. ಎರಡು ಪ್ರಕರಣಕ್ಕೂ ಒಬ್ಬನೇ ಸಾಕ್ಷಿ!

ನಾಟಕ ಓದುವಾಗ ಇನ್ನೊಂದನ್ನು ಗಮನಿಸಿ. ಆ ಮುದುಕ ವೇದಿಕೆಗೆ ಬಂದ ಮೇಲೆ ಒಬ್ಬನೋ ಹಲವರೋ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕರೆಸಿದ್ದೇ ಅದಕ್ಕಾಗಿ. ಮಾತೆಲ್ಲ ಮಗುವಿನ ಕಡೆ ತಿರುಗಿ, ಅದು ಲಾಯಸನದೇ ಮಗು ಎಂದು ತಿಳಿದು, ಈಡಿಪಸ್ ತಾನೇ ಅಪರಾಧಿ ಎಂದು ಒಪ್ಪಿಕೊಂಡು ಕಣ್ಣು ಚುಚ್ಚಿಕೊಳ್ಳುತ್ತಾನೆ. ಸೋಫೋಕ್ಲೀಸ್ ಮರೆತನೋ, ಬೇಕೆಂದೇ ಬಿಟ್ಟನೋ ಎಂದು ವಿದ್ವಾಂಸರು ಇವತ್ತಿಗೂ ಜಗಳವಾಡುತ್ತಾರೆ. ಬೇಕೆಂದೇ ಬಿಟ್ಟದ್ದು ಎನ್ನುವವರ ಕಡೆ ನಾನು. ಈ ಕಥೆಯ ಮೇಲೆ ಕಟ್ಟಿದ ಯಾವ ಕಾದಂಬರಿ ಸಿಕ್ಕರೂ ‘ಕೇಳದೆ ಬಿಟ್ಟ ಪ್ರಶ್ನೆ ಯಾವುದು’ ಎಂದು ಹುಡುಕಿ ನೋಡಿ.

ಎಲ್ಲಾ ಕೊಲೆನೇನಾ ಅಕ್ಕಾ? ಕಳ್ಳತನದ ಕಥೆ ಒಂದೂ ಇಲ್ವಾ?

ಇವೆ, ಅದೂ ದನಗಳ್ಳತನ. ಮೇಯಲು ಬಿಟ್ಟ ದನ ಸಂಜೆ ಕೊಟ್ಟಿಗೆಗೆ ಬಾರದಿದ್ದರೆ ಹೊಟ್ಟೆಯಲ್ಲಿ ಆಗುವ ಸಂಕಟ ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ.

ಹರ್ಮೀಸ್ ಎಂಬ ದೇವತೆ ಹುಟ್ಟಿದ ದಿನವೇ ತೊಟ್ಟಿಲಿನಿಂದ ಇಳಿದು ಅಪೊಲೊ ದೇವರ ಐವತ್ತು ದನ ಕದಿಯುತ್ತಾನೆ. ಗೊರಸಿನ ಗುರುತು ತಿರುವುಮುರುವಾಗಲಿ ಎಂದು ಅವನ್ನು ಹಿಮ್ಮುಖವಾಗಿ ನಡೆಸುತ್ತಾನೆ. ತನ್ನ ಹೆಜ್ಜೆ ಕಾಣದಂತೆ ಕುರುಚಲು ಗಿಡದ ಟೊಂಗೆ ಹೆಣೆದು ಕಾಲಿಗೆ ಕಟ್ಟಿಕೊಳ್ಳುತ್ತಾನೆ. ದಾರಿಯಲ್ಲಿ ದ್ರಾಕ್ಷಿತೋಟದ ಮುದುಕನೊಬ್ಬ ನೋಡಿಬಿಡುತ್ತಾನೆ. ನೋಡಿದ್ದನ್ನು ನೋಡಿಲ್ಲ ಅನ್ನು ಎಂದು ಅವನಿಗೆ ತಾಕೀತು. ಮಾರನೇ ದಿನ ಅಪೊಲೊ ಅದೇ ಮುದುಕನನ್ನು ಕೇಳಿ, ವಿಚಿತ್ರ ಗುರುತುಗಳ ಬೆನ್ನು ಹತ್ತಿ ಗುಹೆಗೆ ಬಂದರೆ, ಕಳ್ಳ ಕೂಸಿನ ಬಟ್ಟೆ ಸುತ್ತಿಕೊಂಡು ಮಲಗಿದ್ದಾನೆ. ‘ನಾನು ಹುಟ್ಟಿದ್ದೇ ನಿನ್ನೆ, ದನ ಅಂದ್ರೇನು?’ ಎನ್ನುತ್ತಾನೆ. ವ್ಯಾಜ್ಯ ದೇವತೆಗಳ ದೊರೆ ಸ್ಯೂಸನವರೆಗೆ ಹೋಗುತ್ತದೆ, ಅವನಿಗೆ ನಗು ತಡೆಯುವುದಿಲ್ಲ. ಇದನ್ನೇ ಸೋಫೋಕ್ಲೀಸ್ ನಗೆನಾಟಕವಾಗಿ ಬರೆದಿದ್ದ. ಕಳೆದೇಹೋಗಿತ್ತು ಎಂದುಕೊಂಡಿದ್ದ ಆ ನಾಟಕದ ದೊಡ್ಡ ತುಣುಕು ಈಜಿಪ್ಟಿನ ಆಕ್ಸಿರಿಂಕಸ್ಸಿನ ಹಳೆಯ ಕಾಗದದ ರಾಶಿಯಲ್ಲಿ ಸಿಕ್ಕಿ 1912ರಲ್ಲಿ ಅಚ್ಚಾಯಿತು.

ಹರ್ಮೀಸನ ಮಗ ಆಟೊಲಿಕಸ್ ಅಪ್ಪನನ್ನೂ ಮೀರಿಸಿದವನು. ಕದ್ದ ದನದ ಬಣ್ಣ, ಕೋಡು ಎಲ್ಲ ಬದಲಾಯಿಸಬಲ್ಲವನು. ಅವನನ್ನು ಹಿಡಿದದ್ದು ಸಿಸಿಫಸ್, ಬಂಡೆ ಉರುಳಿಸುವ ಶಿಕ್ಷೆಗೆ ಹೆಸರಾದವನೇ. ತನ್ನ ದನಗಳ ಗೊರಸಿನ ಅಡಿಯಲ್ಲಿ ಅವನು ಗುಟ್ಟಾಗಿ ಗುರುತು ಹಾಕಿಟ್ಟಿದ್ದ. ಕಳ್ಳ ಮೇಲಿನದನ್ನೆಲ್ಲ ಬದಲಿಸಿದ, ಅಡಿ ನೋಡಲಿಲ್ಲ.

ವಿಷ ಹಾಕಿ ಕೊಲ್ಲೋ ಕಥೆಗೆ ಯಾವ ಪುರಾಣ ಹಿನ್ನೆಲೆಯಾಗಿ ಬರುತ್ತೆ?

ನೆಸ್ಸಸನ ಅಂಗಿ. ಕೊಲೆಯ ಹಂಚಿಕೆಯಾಗಿ ನೋಡಿದರೆ ಇಡೀ ಗ್ರೀಕ್ ಪುರಾಣದಲ್ಲಿ ಇದಕ್ಕೆ ಸಾಟಿಯಿಲ್ಲ.

ನೆಸ್ಸಸ್ ಅರ್ಧ ಮನುಷ್ಯ, ಅರ್ಧ ಕುದುರೆ. ಹೊಳೆ ದಾಟಿಸುವಾಗ ಹೆರಾಕ್ಲೀಸನ ಹೆಂಡತಿ ದೇಯನೀರಾಳ ಮೇಲೆ ಕೈ ಮಾಡಿದ. ಹೆರಾಕ್ಲೀಸ್ ಬಾಣ ಬಿಟ್ಟ. ಆ ಬಾಣದ ತುದಿ ಹೈಡ್ರಾ ಎಂಬ ಹಲವು ತಲೆಯ ಸರ್ಪದ ವಿಷದಲ್ಲಿ ಅದ್ದಿದ್ದು. ಸಾಯುವಾಗ ನೆಸ್ಸಸ್ ಅವಳ ಕಿವಿಯಲ್ಲಿ, ನನ್ನ ಗಾಯದ ರಕ್ತ ತೆಗೆದಿಟ್ಟುಕೊ, ಗಂಡನ ಮನಸ್ಸು ಬೇರೆ ಕಡೆ ಹೋದರೆ ವಶೀಕರಣಕ್ಕೆ ಬರುತ್ತದೆ ಎಂದ. ಎಷ್ಟೋ ಕಾಲದ ಮೇಲೆ ಹೆರಾಕ್ಲೀಸ್ ಅಯೋಲೆ ಎಂಬ ಹುಡುಗಿಯನ್ನು ಮನೆಗೆ ಕಳಿಸಿದಾಗ ದೇಯನೀರಾ ಆ ರಕ್ತವನ್ನು ಹೊಸ ಬಟ್ಟೆಗೆ ಸವರಿ ಗಂಡನಿಗೆ ಉಡುಗೊರೆ ಕಳಿಸಿದಳು. ಮೈ ಬಿಸಿಯಾದಂತೆ ಅಂಗಿ ಚರ್ಮಕ್ಕೆ ಕಚ್ಚಿಕೊಂಡು ಸುಟ್ಟಿತು.

ಸೋಫೋಕ್ಲೀಸ್ ಇದಕ್ಕೊಂದು ಭೌತಿಕ ಸಾಕ್ಷಿ ಇಟ್ಟಿದ್ದಾನೆ. ರಕ್ತ ಸವರಲು ಬಳಸಿದ ಉಣ್ಣೆಯ ಚೂರನ್ನು ಅವಳು ಅಂಗಳದ ಬಿಸಿಲಿಗೆ ಎಸೆದಿರುತ್ತಾಳೆ. ತಿರುಗಿ ನೋಡಿದರೆ ಉಣ್ಣೆ ಗರಗಸದ ಹೊಟ್ಟಿನ ಹಾಗೆ ಪುಡಿಯಾಗಿ, ಬಿದ್ದ ನೆಲದಲ್ಲಿ ನೊರೆ ಉಕ್ಕುತ್ತಿದೆ. ಆಗ ಅವಳಿಗೆ ತಿಳಿಯುತ್ತದೆ, ಉಡುಗೊರೆ ಹೊತ್ತ ಆಳು ಆಗಲೇ ಹೋಗಿಯಾಗಿದೆ. ಬದುಕಿರುವ ಯಾರಿಂದಲೂ ನಿನಗೆ ಸಾವಿಲ್ಲ, ಸತ್ತವನಿಂದ ಉಂಟು ಎಂದು ಹೆರಾಕ್ಲೀಸನಿಗೆ ಮೊದಲೇ ಭವಿಷ್ಯವಿತ್ತು.

ಈಗ ಹೇಳಿ, ಕೊಲೆಗಾರ ಯಾರು? ಉಡುಗೊರೆ ಹೊತ್ತವನಿಗೆ ಏನೂ ಗೊತ್ತಿಲ್ಲ. ಕಳಿಸಿದವಳಿಗೆ ಪ್ರೀತಿ ಬಿಟ್ಟು ಬೇರೆ ಉದ್ದೇಶವಿಲ್ಲ. ವಿಷ ಹೆರಾಕ್ಲೀಸನದೇ. ಸಂಚು ಮಾಡಿದವನು ಹೊಳೆ ದಂಡೆಯಲ್ಲಿ ಎಂದೋ ಸತ್ತಿದ್ದಾನೆ. ಯಾವುದಾದರೂ ಕಾದಂಬರಿಯಲ್ಲಿ ಮುಗ್ಧ ಹೆಂಗಸೊಬ್ಬಳು ಬಟ್ಟೆಯನ್ನೋ ಅತ್ತರನ್ನೋ ಉಡುಗೊರೆ ಕೊಟ್ಟರೆ ಅವಳಿಗೆ ಆ ವಸ್ತು ಕೊಟ್ಟವರು ಯಾರು ಎಂದು ಹಿಂದಿನ ಪುಟಗಳಲ್ಲಿ ಹುಡುಕಿ.

ಜಟಿಲ ಮಂಟಪದ ಕಥೆ ಎಲ್ಲಾ ಕಡೆ ಬರುತ್ತಲ್ಲ, ಅದರಲ್ಲಿ ಗಮನಿಸಬೇಕಾದ್ದು ಎಂತದು?

ಒಳಹೊಕ್ಕವರಿಗೆ ಹೊರದಾರಿ ಕಾಣದ ಆ ಮಂಟಪದಲ್ಲಿದ್ದ ಗೂಳಿತಲೆಯ ರಾಕ್ಷಸ ಮಿನೊಟಾರನನ್ನು ಎಲ್ಲರೂ ನೋಡುತ್ತಾರೆ, ಅರಿಯಾಡ್ನಿಯನ್ನು ಮರೆಯುತ್ತಾರೆ. ರಾಕ್ಷಸನನ್ನು ಕೊಲ್ಲಲು ಒಳಹೋದ ಥೀಸಿಯಸನನ್ನು ನೂಲಿನುಂಡೆ ಕೊಟ್ಟು ಹೊರತಂದವಳು ಅವಳು, ಅವಳನ್ನು ಅವನು ನ್ಯಾಕ್ಸಾಸ್ ದ್ವೀಪದಲ್ಲಿ ಮಲಗಿದ್ದಲ್ಲೇ ಬಿಟ್ಟು ಹೋದ. ಸಹಾಯ ಮಾಡಿ ಮೋಸ ಹೋದ ಪಾತ್ರದ ಮೇಲೆ ಒಂದು ಕಣ್ಣಿಡಿ. ಕ್ರೀಟ್‌ನ ನೊಸೊಸ್‌ನಲ್ಲಿ ಆರ್ಥರ್ ಇವಾನ್ಸ್ 1900ರಲ್ಲಿ ಅಗೆಯಲು ಶುರು ಮಾಡಿದಾಗ ಸಿಕ್ಕಿದ್ದು ಒಂದಕ್ಕೊಂದು ಹೆಣೆದುಕೊಂಡ ನೂರಾರು ಕೋಣೆಗಳ ಅರಮನೆ. ಜಟಿಲ ಮಂಟಪವೆಂದು ಬೇರೆ ಕಟ್ಟಡವೇನೂ ಸಿಗಲಿಲ್ಲ.

ಕೂದಲು, ಹೆಜ್ಜೆಗುರುತು ಇಂಥ ಸುಳಿವೆಲ್ಲ ಈಚಿನವರ ಸೃಷ್ಟಿ ಅಲ್ವಾ?

ಅಲ್ಲ. ಎಸ್ಕಿಲಸನ ನಾಟಕದಲ್ಲಿ ಎಲೆಕ್ಟ್ರಾ, ಕೊಲೆಯಾದ ಅಪ್ಪ ಅಗಮೆಮ್ನಾನನ ಸಮಾಧಿಯ ಮೇಲೆ ಒಂದು ಗೊಂಚಲು ಕೂದಲು ನೋಡಿ, ತನ್ನ ಕೂದಲಿಗೆ ಹೋಲಿಸಿ, ಅಲ್ಲಿದ್ದ ಹೆಜ್ಜೆಯಲ್ಲಿ ತನ್ನ ಪಾದ ಇಟ್ಟು ನೋಡಿ, ತಮ್ಮ ಒರೆಸ್ಟಿಸ್ ಬಂದಿದ್ದಾನೆ ಎಂದುಕೊಳ್ಳುತ್ತಾಳೆ. ಇದನ್ನು ಓದಿ ಯೂರಿಪಿಡೀಸ್ ನಕ್ಕಿರಬೇಕು. ಅವನ ನಾಟಕದಲ್ಲಿ ಮುದುಕನೊಬ್ಬ ಅವೇ ಸುಳಿವುಗಳನ್ನು ತಂದರೆ, ಅವನ ಎಲೆಕ್ಟ್ರಾ ಒಂದೊಂದನ್ನೂ ತಳ್ಳಿಹಾಕುತ್ತಾಳೆ. ಗರಡಿಯಲ್ಲಿ ಬೆಳೆದ ಗಂಡಸಿನ ಕೂದಲೂ ಬಾಚಿ ಬೆಳೆಸಿದ ಹೆಂಗಸಿನ ಕೂದಲೂ ಒಂದೇ ಆಗುತ್ತಾ? ಕಲ್ಲು ನೆಲದಲ್ಲಿ ಹೆಜ್ಜೆ ಮೂಡುತ್ತಾ? ಮೂಡಿದರೂ ಅಕ್ಕತಮ್ಮಂದಿರ ಪಾದ ಒಂದೇ ಅಳತೆಯಾ? ಕೊನೆಗೆ ಹುಬ್ಬಿನ ಹತ್ತಿರದ ಹಳೆಯ ಗಾಯದ ಕಲೆ ನೋಡಿ ಒಪ್ಪುತ್ತಾಳೆ. ನಮ್ಮ ಪತ್ತೇದಾರ ಪುರುಷೋತ್ತಮನ ಅಭಿಮಾನಿಗಳು ಈ ದೃಶ್ಯ ಓದಲೇಬೇಕು.

## ಓದುತ್ತಾ ಕೂತಾಗ

ಕಾದಂಬರಿಯಲ್ಲಿ ಕೊಲೆಗಳು ಪುರಾಣದ ಹಾಗೇ ನಡೀತಿವೆ. ಹಾಗಾದ್ರೆ ಮುಂದಿನದನ್ನ ನಾವೇ ಹೇಳಿಬಿಡಬಹುದಲ್ಲ?

ಹೇಳಬಹುದು, ಮುಗ್ಗರಿಸಲೂಬಹುದು. ಹೋಲಿಕೆ ತೀರ ಕಣ್ಣಿಗೆ ಹೊಡೆಯುವಂತಿದ್ದರೆ ಅದನ್ನು ಕಥೆಯೊಳಗಿನ ಯಾರೋ ಬೇಕೆಂದೇ ಜೋಡಿಸಿಟ್ಟಿದ್ದಾರೆ ಎಂದು ಅನುಮಾನಿಸಿ. ‘ಅರೆ, ಇದು ಮಿನೊಟಾರನ ಕಥೆಯ ಹಾಗೇ ಇದೆಯಲ್ಲ!’ ಎಂದು ಕಾದಂಬರಿಯಲ್ಲಿ ಮೊದಲು ಬಾಯಿಬಿಟ್ಟವರು ಯಾರು ಎಂದು ಪುಟ ಗುರುತು ಹಾಕಿಕೊಳ್ಳುವುದು ನನ್ನ ಅಭ್ಯಾಸ. ಪೊಲೀಸರ ತಲೆಗೆ ಆ ವಿಚಾರ ತುಂಬಿ ಲಾಭ ಪಡೆಯುವವರು ಬಹಳ ಸಲ ಅವರೇ.

ಹೋಲಿಕೆಯನ್ನು ಆಟಕ್ಕೆ ಬಳಸಿದವರೂ ಇದ್ದಾರೆ. ಅಗಾಥಾ ಕ್ರಿಸ್ಟಿಯ 1947ರ ಕಥಾಸಂಕಲನದಲ್ಲಿ ಪತ್ತೇದಾರ ಹರ್ಕ್ಯೂಲ್ ಪೊಯ್ರೊ, ತನ್ನ ಹೆಸರಿನ ವೀರ ಹನ್ನೆರಡು ಸಾಹಸ ಮಾಡಿದ್ದನಲ್ಲ, ತಾನೂ ಹನ್ನೆರಡು ಪ್ರಕರಣ ಆರಿಸಿಕೊಳ್ಳುತ್ತೇನೆ ಎಂದು ಹೊರಡುತ್ತಾನೆ. ಪುರಾಣದ ಹೆರಾಕ್ಲೀಸ್ ಬರಿಗೈಯಲ್ಲಿ ಕತ್ತು ಹಿಸುಕಿ ಕೊಂದ ನೆಮಿಯದ ಸಿಂಹ ಇಲ್ಲಿ ಶ್ರೀಮಂತ ಮನೆಯ ಪುಟ್ಟ ಪೆಕಿನೀಸ್ ನಾಯಿಯಾಗಿ ಬರುತ್ತದೆ. ಗ್ರೀಕ್ ಪುರಾಣ ಎಂದಕೂಡಲೇ ಗಂಭೀರವಾಗಿ ಕೂರಬೇಕೆಂದೇನೂ ಇಲ್ಲ.

ದೈವವಾಣಿ, ಶಾಪ ಎಲ್ಲಾ ಬಂದ್ರೆ ಪತ್ತೇದಾರಿ ಕೆಟ್ಟುಹೋಗಲ್ವಾ? ದೇವರೇ ಹೇಳಿಬಿಟ್ರೆ ಪತ್ತೇದಾರ ಯಾಕೆ?

1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ ಪತ್ತೇದಾರಿಗೆ ಹತ್ತು ಕಟ್ಟಳೆ ಬರೆದ. ಅಮಾನುಷ ಶಕ್ತಿಯಿಂದ ಗುಟ್ಟು ಬಿಡಿಸಕೂಡದು ಎನ್ನುವುದು ಅದರಲ್ಲೊಂದು. ಗ್ರೀಕ್ ದೈವವಾಣಿ ಈ ಕಟ್ಟಳೆ ಮುರಿಯುವುದಿಲ್ಲ, ಯಾಕೆಂದರೆ ಅದು ಉತ್ತರ ಹೇಳುವುದೇ ಇಲ್ಲ, ಹೊಸ ಒಗಟು ಒಡ್ಡುತ್ತದೆ. ಪರ್ಷಿಯಾದ ಮೇಲೆ ದಂಡೆತ್ತಿ ಹೋಗಲೇ ಎಂದು ಲಿಡಿಯಾದ ದೊರೆ ಕ್ರೀಸಸ್ ಕೇಳಿದ. ಹೋದರೆ ಒಂದು ದೊಡ್ಡ ಸಾಮ್ರಾಜ್ಯ ನಾಶವಾಗುತ್ತದೆ ಎಂದಿತು ಡೆಲ್ಫಿ. ಹೋದ, ನಾಶವಾಯಿತು, ಅವನದೇ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುವ ಕಥೆ ಇದು. ದರ್ಶನದ ಪಾತ್ರಿಯ ಮಾತನ್ನು ಮನೆಗೆ ಬಂದು ನಾಲ್ಕು ಜನ ನಾಲ್ಕು ರೀತಿ ಬಿಡಿಸುವುದನ್ನು ಕಂಡವರಿಗೆ ಇದು ಹೊಸದಲ್ಲ. ಕಾದಂಬರಿಯಲ್ಲಿ ಭವಿಷ್ಯವಾಣಿ ಬಂದರೆ ಅದನ್ನು ಒಂದು ದಸ್ತಾವೇಜಿನಂತೆ ಓದಿ: ಕರ್ತೃ ಯಾರು, ಯಾವ ಪದಕ್ಕೆ ಎರಡರ್ಥ, ಹೆಸರು ಹೇಳದೆ ಬಿಟ್ಟದ್ದು ಯಾರದು.

ಕೊನೇ ಪುಟ ಮೊದಲೇ ಓದೋ ಚಾಳಿ ನಂದು. ತಪ್ಪಾ?

ನಿಮ್ಮ ಪುಸ್ತಕ, ನಿಮ್ಮಿಷ್ಟ. ಪಕ್ಕದಲ್ಲಿ ಕೂತವರಿಗೆ ಹೇಳದಿದ್ದರೆ ಸಾಕು.

ಕೊಲೆಗಾರ ಸಿಕ್ಕಮೇಲೂ ಕಥೆ ಮುಗಿಯೋದೇ ಇಲ್ಲ ಇವುಗಳಲ್ಲಿ. ಎಳೀತಾರೆ ಅನ್ಸುತ್ತೆ.

ಗ್ರೀಕ್ ಕಥೆಯಲ್ಲಿ ಯಾರು ಕೊಂದರು ಎನ್ನುವುದು ಅರ್ಧ ಪ್ರಶ್ನೆ. ಅಟ್ರಿಯಸನ ಮನೆತನ ನೋಡಿ. ಅಟ್ರಿಯಸ್ ತಮ್ಮನಿಗೆ ಅವನ ಮಕ್ಕಳನ್ನೇ ಅಡಿಗೆ ಮಾಡಿ ಬಡಿಸಿದ. ಅವನ ಮಗ ಅಗಮೆಮ್ನಾನ್ ಹಡಗು ಹೊರಡಲು ಗಾಳಿ ಬೀಸಲೆಂದು ಸ್ವಂತ ಮಗಳು ಇಫಿಜೀನಿಯಾಳನ್ನು ಬಲಿಕೊಟ್ಟ. ಯುದ್ಧ ಗೆದ್ದು ಮನೆಗೆ ಬಂದವನನ್ನು ಹೆಂಡತಿ ಕ್ಲೈಟಮ್ನೆಸ್ಟ್ರಾ ಸ್ನಾನದ ಹೊತ್ತಿನಲ್ಲಿ ಬಟ್ಟೆಯ ಬಲೆಯಲ್ಲಿ ಸಿಕ್ಕಿಸಿ ಕೊಂದಳು. ಮಗ ಒರೆಸ್ಟಿಸ್ ತಾಯಿಯನ್ನು ಕೊಂದ. ಪ್ರತಿ ಕೊಲೆಗೂ ನ್ಯಾಯವಾದ ಕಾರಣವಿದೆ, ಅದೇ ಸಂಕಟ. ಕ್ರಿ.ಪೂ. 458ರಲ್ಲಿ ಆಡಿದ ಎಸ್ಕಿಲಸನ ಮೂರು ನಾಟಕಗಳ ಸರಣಿ ಕೊನೆಯಾಗುವುದು ಅಥೆನ್ಸಿನ ನ್ಯಾಯಸಭೆಯಲ್ಲಿ. ಮತ ಎರಡು ಕಡೆಗೂ ಸಮ ಬಿದ್ದು, ಅಥೀನಾ ಒರೆಸ್ಟಿಸನ ಪಕ್ಷ ಹಿಡಿದದ್ದರಿಂದ ಅವನು ಪಾರಾಗುತ್ತಾನೆ. ತಾಯಿಯ ಕೊಲೆಗಾಗಿ ಅವನ ಬೆನ್ನು ಹತ್ತಿದ ಸೇಡಿನ ದೇವತೆಗಳು ಸುಮ್ಮನಾಗುವುದಿಲ್ಲ, ಅವರಿಗೆ ಊರಲ್ಲಿ ಪೂಜೆ, ನೆಲೆ ಕೊಟ್ಟು ಒಲಿಸಿಕೊಳ್ಳಬೇಕಾಗುತ್ತದೆ. ಆದ್ದರಿಂದ ಇಂಥ ಕಾದಂಬರಿಯ ಕೊನೆಯ ನಾಲ್ಕು ಅಧ್ಯಾಯ ಕೋರ್ಟು, ಮನೆ, ಮಕ್ಕಳು ಎಂದು ಸಾಗಿದರೆ ಅದನ್ನು ಎಳೆತ ಎನ್ನಬೇಡಿ. ನಿಜಕ್ಕೂ ಎಳೆಯುವವರೂ ಇದ್ದಾರೆ, ಅಲ್ಲಗಳೆಯುವುದಿಲ್ಲ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಹಳೇ ಲಿಪಿ, ಹೂತಿಟ್ಟ ನಿಧಿ ಅಂತೆಲ್ಲ ಬರುತ್ತಲ್ಲ, ಅದರಲ್ಲಿ ಎಷ್ಟು ನಿಜ?

ನಿಧಿಯ ಕಥೆ ನಿಜಕ್ಕೆ ಬಹಳ ಹತ್ತಿರ. ಹೈನ್‌ರಿಕ್ ಶ್ಲೀಮನ್ ಎಂಬ ಜರ್ಮನ್ ವ್ಯಾಪಾರಿ ಟರ್ಕಿಯ ಹಿಸ್ಸಾರ್ಲಿಕ್ ದಿಬ್ಬದಲ್ಲಿ ಟ್ರಾಯ್ ಹುಡುಕುತ್ತಾ 1873ರಲ್ಲಿ ಚಿನ್ನದ ಒಡವೆಗಳ ರಾಶಿ ತೆಗೆದು, ಟ್ರಾಯ್‌ನ ದೊರೆ ಪ್ರಯಾಮನ ನಿಧಿ ಎಂದು ಸಾರಿದ. ಅದು ಸಿಕ್ಕ ಮಣ್ಣಿನ ಪದರ ಪ್ರಯಾಮನ ಕಾಲಕ್ಕಿಂತ ಸಾವಿರ ವರ್ಷಕ್ಕೂ ಹಳೆಯದೆಂದು ಆಮೇಲೆ ತಿಳಿಯಿತು. ಗುಟ್ಟಾಗಿ ದೇಶದಿಂದ ಸಾಗಿಸಿದ ಆ ಚಿನ್ನ ಬರ್ಲಿನ್ ಸೇರಿ, 1945ರಲ್ಲಿ ಕಾಣೆಯಾಗಿ, ಮಾಸ್ಕೋದ ಪುಷ್ಕಿನ್ ಮ್ಯೂಸಿಯಂನಲ್ಲಿದೆ ಎಂದು ರಷ್ಯಾ ಒಪ್ಪಿಕೊಂಡದ್ದು 1993ರಲ್ಲಿ. ಹಾಳು ದೇವಸ್ಥಾನದ ಬುಡ ಅಗೆಯುವ ನಮ್ಮ ಕಡೆಯ ನಿಧಿಗಳ್ಳರಿಗೆ ಈ ಕಥೆ ಹೇಳದಿರುವುದೇ ವಾಸಿ.

ಲಿಪಿಯ ವಿಚಾರದಲ್ಲಿ ಮಾತ್ರ ಕಾದಂಬರಿಗಳು ಬಹಳ ಸುಳ್ಳು ಹೇಳುತ್ತವೆ. ಮೈಸೀನಿಯನ್ ಎಂಬ ತೀರ ಹಳೆಯ ಗ್ರೀಕ್ ಕಾಲದ ಲೀನಿಯರ್ ಬಿ ಲಿಪಿಯನ್ನು 1952ರಲ್ಲಿ ಓದಿದವನು ಮೈಕೆಲ್ ವೆಂಟ್ರಿಸ್, ಕಸುಬಿನಿಂದ ವಾಸ್ತುಶಿಲ್ಪಿ. ಅವನಿಗೆ ದಾರಿ ಹಾಕಿಕೊಟ್ಟವರಲ್ಲಿ ಅಲಿಸ್ ಕೋಬರ್ ಎಂಬ ಅಮೆರಿಕದ ವಿದುಷಿ ಮುಖ್ಯಳು. ಜೇಡಿಮಣ್ಣಿನ ಆ ಹಲಗೆಗಳಲ್ಲಿ ಇದ್ದದ್ದು ಕುರಿ, ಎಣ್ಣೆ, ಉಣ್ಣೆ, ರಥದ ಚಕ್ರಗಳ ಲೆಕ್ಕ. ಆದ್ದರಿಂದ ಲೀನಿಯರ್ ಬಿ ಹಲಗೆಯಲ್ಲಿ ಶಾಪವೋ ನಿಧಿಯ ನಕ್ಷೆಯೋ ಸಿಕ್ಕಿತು ಎಂದು ಬರೆದ ಪುಸ್ತಕವನ್ನು ಸ್ವಲ್ಪ ನಗುತ್ತಲೇ ಓದಿ. ಓದದ ಲಿಪಿಯೇ ಬೇಕೆಂದರೆ ಕ್ರೀಟ್‌ನಲ್ಲಿ 1908ರಲ್ಲಿ ಸಿಕ್ಕ ಫೈಸ್ಟಸ್ ಬಿಲ್ಲೆ ಇದೆ, ಅದರ ಮೇಲೆ ಎಷ್ಟು ಬೇಕಾದರೂ ಕಟ್ಟಬಹುದು.

ನಮ್ಮ ಮಲೆನಾಡಲ್ಲೇ ಇಂಥದೊಂದು ಕಾದಂಬರಿ ಬರೀಬಹುದಾ? ನನಗೆ ಆಸೆ ಇದೆ.

ಬರೆಯಿರಿ. ಜಾಗಕ್ಕೇನು ಕೊರತೆ? ಹೊರಗಿನವರು ಒಳಬರಲಾಗದ, ಒಳಗಿನವರು ಹೊರಹೋಗಲಾಗದ ಒಂದು ಆವರಣ ಪತ್ತೇದಾರಿಗೆ ಬೇಕು. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಗೆ 2025ರಲ್ಲಿ ಸೇತುವೆ ಬರುವವರೆಗೆ ಹೊಳೆಬಾಗಿಲಿನಿಂದ ಲಾಂಚೇ ಹತ್ತಿರದ ದಾರಿ, ಕತ್ತಲಾದ ಮೇಲೆ ಅದೂ ಇಲ್ಲ. ಕಥೆಯನ್ನು ಅದಕ್ಕಿಂತ ಹಿಂದಿನ ಒಂದು ಆಷಾಢದಲ್ಲಿಟ್ಟರೆ ನಿಮ್ಮ ಅರ್ಧ ಕೆಲಸ ಮಳೆಯೇ ಮಾಡುತ್ತದೆ.

ಪುರಾಣದ ಮೈಯನ್ನು ತರಬೇಡಿ, ಎಲುಬನ್ನು ಮಾತ್ರ ತನ್ನಿ. ತೋಟದ ಮನೆಯ ಹುಡುಗನಿಗೆ ಒರೆಸ್ಟಿಸ್ ಎಂದು ಹೆಸರಿಟ್ಟರೆ ಓದುವವರು ಅಲ್ಲೇ ಮುಚ್ಚಿಡುತ್ತಾರೆ. ಈಡಿಪಸನ ಎಲುಬು ಏನು? ತನಿಖೆ ಮಾಡುವವನೇ ತನಿಖೆಯ ಕೊನೆಯಲ್ಲಿ ನಿಂತಿರುವುದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಊರುಗಳು ಮುಳುಗಿದವು. ಮುಳುಗಡೆಯಾದವರ ಹಳೆಯ ಭೂಮಿ ಕಡತ ತೆರೆದು ನೋಡಲು ಬಂದ ಒಬ್ಬ ಅಧಿಕಾರಿ, ಯಾರೋ ಸಾಕಿ ಬೆಳೆಸಿದವನು ಎಂದಿಟ್ಟುಕೊಳ್ಳಿ. ಪರಿಹಾರದ ಪಟ್ಟಿಯಲ್ಲಿ ಒಂದು ಹೆಸರು ಹೊಡೆದು ಹಾಕಿದೆ. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದಲ್ಲ, ಅಂಥ ಒಂದು ಬೇಸಿಗೆಯಲ್ಲಿ ಕೆಸರಿನಿಂದ ಏನೋ ಸಿಗುತ್ತದೆ. ಮುದಿ ದನಗಾಹಿ ಒಬ್ಬನಿಗೆ ಎರಡೂ ಗುಟ್ಟು ಗೊತ್ತು.

ಮೂಲ ಗೊತ್ತಿದ್ದವರು ಕಡತ ತೆರೆದಾಗಲೇ ಹುಬ್ಬೇರಿಸುತ್ತಾರೆ. ಅವರಿಗಾಗಿ ಒಂದು ಕಡೆ ದಾರಿ ತಪ್ಪಿಸಲೇಬೇಕು: ಅಪ್ಪ ಎಂದುಕೊಂಡವನು ಅಪ್ಪನಲ್ಲದೆ ಇರಲಿ, ಇಲ್ಲವೇ ದನಗಾಹಿ ಹೇಳಿದ್ದರಲ್ಲಿ ಒಂದು ಸುಳ್ಳಿರಲಿ. ಯಾವುದೆಂದು ಬರೆಯಲು ಕೂರುವ ಮುಂಚೆಯೇ ತೀರ್ಮಾನಿಸಿಕೊಳ್ಳಿ, ನಡುವೆ ಬದಲಾಯಿಸಿದರೆ ಹಿಂದಿನ ಸುಳಿವುಗಳೆಲ್ಲ ಹಾಳಾಗುತ್ತವೆ. ಮೊದಲ ಮೂರು ಅಧ್ಯಾಯ ಆದ ಮೇಲೆ ತನ್ನಿ, ನಮ್ಮ ಸಭೆಯಲ್ಲಿ ಓದೋಣ. ಕೊನೇ ಪುಟ ಮೊದಲು ಓದುವವರು ಅಲ್ಲೂ ಒಬ್ಬರಿದ್ದಾರೆ, ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ.